ಕಾರಿಗೆ ಪ್ರವೇಶವಿಲ್ಲ! ಆಲ್ಪ್ಸ್ ಬೆಟ್ಟದ ಜನ ಇಪ್ಪತ್ತೈದು ವರ್ಷ ಹಿಡಿದ ಹಟ



ರೇಡಿಯೋದಲ್ಲಿ ನಮಗೆ ಸಿಗುವುದು ಎರಡು ಹಾಡುಗಳ ನಡುವಿನ ಒಂದೂವರೆ ನಿಮಿಷ. ಅಷ್ಟರೊಳಗೆ ಹವಾಮಾನ, ಹುಟ್ಟುಹಬ್ಬದ ಶುಭಾಶಯ, ಮುಂದಿನ ಹಾಡಿನ ವಿವರ ಎಲ್ಲ ಮುಗಿಯಬೇಕು! ಈ ಪುಟದಲ್ಲಿ ಮಾತ್ರ ಸ್ವಲ್ಪ ಕಾಲು ಚಾಚಿ ಕೂತು ಮಾತಾಡಬಹುದು. ಹಾಗಾಗಿ ಈ ಸಲ ನಿಮ್ಮನ್ನು ದೂರದ ಒಂದು ಬೆಟ್ಟದ ನಾಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಚಳಿ ಇರುತ್ತದೆ, ಒಂದು ಸ್ವೆಟರ್ ಇಟ್ಟುಕೊಳ್ಳಿ.

ದಾವೋಸ್ ಎಂಬ ಊರಿನ ಹೆಸರು ನೀವು ಕೇಳಿಯೇ ಇರುತ್ತೀರಿ. ದೇಶವಿದೇಶಗಳ ಮಂತ್ರಿಗಳು, ಉದ್ಯಮಿಗಳು ಸೇರುವ ವಿಶ್ವ ಆರ್ಥಿಕ ವೇದಿಕೆಯ ಸಭೆ 1971ರಲ್ಲಿ ಶುರುವಾದದ್ದು ಅಲ್ಲೇ. ಬಂಡವಾಳ ಹುಡುಕಿಕೊಂಡು ಕರ್ನಾಟಕದ ಮುಖ್ಯಮಂತ್ರಿಗಳೂ ಅಲ್ಲಿಗೆ ಹೋಗಿದ್ದಾರೆ. 2020ರಲ್ಲಿ ಯಡಿಯೂರಪ್ಪನವರು, 2022ರಲ್ಲಿ ಬಸವರಾಜ ಬೊಮ್ಮಾಯಿಯವರು ಹೋಗಿ ಬಂದದ್ದು ನಿಮಗೆ ನೆನಪಿರಬಹುದು. ಸಭೆಯ ದಿನಗಳಲ್ಲಿ ಟೀವಿ ಹಾಕಿದರೆ ಹಿಮ ಬಿದ್ದ ಬೀದಿ, ಸಾಲುಗಟ್ಟಿ ನಿಂತ ಕಪ್ಪು ಕಾರುಗಳು ಕಾಣುತ್ತವೆ.

ಈಗ ಒಂದು ಪ್ರಶ್ನೆ. ಅದೇ ಬೀದಿಯಲ್ಲಿ ಒಂದು ಕಾಲಕ್ಕೆ ಖಾಸಗಿ ಕಾರು ಓಡಿಸುವುದೇ ಅಪರಾಧವಾಗಿತ್ತು ಎಂದರೆ ನಂಬುತ್ತೀರಾ? ಒಂದೆರಡು ವರ್ಷದ ಮಾತಲ್ಲ, 1900ರಿಂದ 1925ರವರೆಗೆ, ಭರ್ತಿ ಇಪ್ಪತ್ತೈದು ವರ್ಷ! ಪ್ಯಾರಿಸ್, ಲಂಡನ್, ನಮ್ಮ ಮುಂಬೈಯ ಬೀದಿಗಳಲ್ಲೂ ಮೋಟಾರು ಓಡಾಡುತ್ತಿದ್ದ ಕಾಲದಲ್ಲಿ ಈ ಬೆಟ್ಟದವರು ಮಾತ್ರ "ಬರುವುದಿದ್ದರೆ ರೈಲಿನಲ್ಲಿ ಬನ್ನಿ, ಕುದುರೆ ಗಾಡಿಯಲ್ಲಿ ಬನ್ನಿ, ಕಾರು ಬೇಡ" ಎನ್ನುತ್ತಿದ್ದರು. ಯಾಕೆ ಹೀಗೆ? ಹಳೇ ಕಾಲದವರ ಮೊಂಡುತನವೇ? ಅಥವಾ ಅದರ ಹಿಂದೆ ಏನಾದರೂ ಲೆಕ್ಕಾಚಾರ ಇತ್ತೇ? ಅದೇ ಇವತ್ತಿನ ಕತೆ.

ದಾರಿ ಕಳೆದುಕೊಂಡ ನಾಡು

ನಾವು ಹಿಂದಿ ಸಿನಿಮಾದಲ್ಲಿ ನೋಡಿದ ಸ್ವಿಟ್ಜರ್‌ಲೆಂಡ್ ಬೇರೆ. ಯಶ್ ಚೋಪ್ರಾ ಅವರ ನಾಯಕ ನಾಯಕಿಯರು ಹಾಡುತ್ತಿದ್ದುದು ಹೆಚ್ಚಾಗಿ ಇಂಟರ್‌ಲಾಕೆನ್ ಸುತ್ತಮುತ್ತಲಿನ ಬೆರ್ನ್ ಸೀಮೆಯ ಬೆಟ್ಟಗಳಲ್ಲಿ. ನಾನು ಹೇಳುತ್ತಿರುವುದು ದೇಶದ ಪೂರ್ವದ ಮೂಲೆಯ ಗ್ರೌಬ್ಯುಂಡೆನ್ ಎಂಬ ಪ್ರಾಂತ್ಯದ ವಿಷಯ. ಸ್ವಿಸ್ಸರು ಪ್ರಾಂತ್ಯಕ್ಕೆ ಕ್ಯಾಂಟನ್ ಅನ್ನುತ್ತಾರೆ. ವಿಸ್ತಾರದಲ್ಲಿ ಇದೇ ಅಲ್ಲಿನ ದೊಡ್ಡ ಕ್ಯಾಂಟನ್, ಆದರೆ 1900ರಲ್ಲಿ ಜನಸಂಖ್ಯೆ ಸುಮಾರು ಒಂದು ಲಕ್ಷ ಮಾತ್ರ. ನೂರೈವತ್ತು ಕಣಿವೆಗಳ ನಾಡು ಎಂದೇ ಇದಕ್ಕೆ ಹೆಸರು. ಜರ್ಮನ್, ಇಟಾಲಿಯನ್ ಮತ್ತು ರೋಮಾಂಶ್, ಹೀಗೆ ಮೂರು ಆಡಳಿತ ಭಾಷೆಗಳು. ಒಂದು ಕಣಿವೆ ದಾಟಿದರೆ ಮಾತೇ ಬೇರೆ.

ಈ ನಾಡಿನ ಬದುಕು ಶತಮಾನಗಳಿಂದ ನಿಂತಿದ್ದುದು ದಾರಿಯ ಮೇಲೆ. ಜರ್ಮನಿ ಕಡೆಯಿಂದ ಇಟಲಿಗೆ ಹೋಗುವ ಸರಕು ಇಲ್ಲಿನ ಸ್ಪ್ಲ್ಯೂಗೆನ್, ಸಾನ್ ಬೆರ್ನಾರ್ದಿನೋ, ಯೂಲಿಯರ್ ಕಣಿವೆದಾರಿಗಳನ್ನು ಹಾದು ಹೋಗಬೇಕಿತ್ತು. ಯಾವ ಹಳ್ಳಿಯವರು ಎಲ್ಲಿಂದ ಎಲ್ಲಿವರೆಗೆ ಸರಕು ಹೊರಬೇಕು ಎಂಬುದಕ್ಕೆ ಕಟ್ಟುಪಾಡು ಇತ್ತು. ಹೇಸರಗತ್ತೆ, ಕುದುರೆ, ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಬಂಡಿ, ಇವೇ ಅವರ ಹೊಟ್ಟೆಪಾಡು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಒಳ್ಳೆಯ ಗಾಡಿ ರಸ್ತೆಗಳೂ ಆದವು.

ಅಷ್ಟರಲ್ಲಿ 1882 ಬಂತು. ಪಕ್ಕದ ಗೊಟ್ಹಾರ್ಡ್ ಬೆಟ್ಟವನ್ನು ಕೊರೆದು 15 ಕಿಲೋಮೀಟರ್ ಉದ್ದದ ಸುರಂಗ ಮಾಡಿ, ಅದರಲ್ಲಿ ರೈಲು ಬಿಟ್ಟರು. ಇಟಲಿಗೆ ಹೋಗುವ ಸರಕೆಲ್ಲ ರೈಲು ಹತ್ತಿತು. ಗ್ರೌಬ್ಯುಂಡೆನ್ನಿನ ಕಣಿವೆದಾರಿಗಳು ನೋಡನೋಡುತ್ತಿದ್ದಂತೆ ಬಿಕೋ ಎನ್ನತೊಡಗಿದವು. ಹೆದ್ದಾರಿ ಬೈಪಾಸ್ ಆದ ಮೇಲೆ ಹಳೇ ರಸ್ತೆಯ ಢಾಬಾಗಳಿಗೆ ಆಗುತ್ತದಲ್ಲ, ಅದೇ ಗತಿ ಒಂದು ಇಡೀ ನಾಡಿಗೆ ಬಂತು ಎಂದುಕೊಳ್ಳಿ. ನೂರು ಮೈಲಿ ಆಚೆ ಯಾರೋ ಒಂದು ದಾರಿ ತೆರೆದರೆ ಇಲ್ಲಿ ಒಂದು ಹಳ್ಳಿಯ ಒಲೆ ಆರಬಹುದು. ಈ ಪಾಠವನ್ನು ಆ ಜನ ಮೈಮೇಲೆ ಬರೆ ಹಾಕಿಸಿಕೊಂಡು ಕಲಿತರು. ಕೇಳುಗರೇ, ಇದನ್ನು ನೆನಪಿಡಿ. ಮುಂದೆ ಕಾರಿನ ವಿಷಯ ಬಂದಾಗ ಬೇಕಾಗುತ್ತದೆ.

ಕೆಮ್ಮಿನವರು ಏರಿದ ಬೆಟ್ಟ

ಸರಕು ಹೋದ ಮೇಲೆ ಉಳಿದದ್ದು ಏನು? ಗಾಳಿ, ಬಿಸಿಲು, ನೀರು, ಹಿಮ. ಇವನ್ನೇ ಮಾರಬಹುದು ಎಂದು ತೋರಿಸಿಕೊಟ್ಟವರು ಹೊರಗಿನಿಂದ ಬಂದವರು!

ಅಲೆಕ್ಸಾಂಡರ್ ಸ್ಪೆಂಗ್ಲರ್ ಎಂಬಾತ ಜರ್ಮನಿಯ 1848–49ರ ಕ್ರಾಂತಿಯಲ್ಲಿ ಭಾಗವಹಿಸಿ, ದೇಶ ಬಿಟ್ಟು ಓಡಿ ಬಂದು ದಾವೋಸ್ ಕಣಿವೆಯಲ್ಲಿ ವೈದ್ಯನಾಗಿ ನೆಲೆ ನಿಂತ. ಕಡಲ ಮಟ್ಟದಿಂದ 1,560 ಮೀಟರ್ ಎತ್ತರದ ಆ ಊರಿನಲ್ಲಿ ಕ್ಷಯ ರೋಗ ಕಾಣುವುದೇ ಅಪರೂಪ ಎಂಬುದು ಅವನ ಗಮನಕ್ಕೆ ಬಂತು. ಆಗ ಕ್ಷಯಕ್ಕೆ ಔಷಧ ಇರಲಿಲ್ಲ. ರೋಗಾಣು ಯಾವುದೆಂದು ರಾಬರ್ಟ್ ಕಾಖ್ ಕಂಡುಹಿಡಿದದ್ದೇ 1882ರಲ್ಲಿ. 1865ರ ಚಳಿಗಾಲದಲ್ಲಿ ಇಬ್ಬರು ಜರ್ಮನ್ ರೋಗಿಗಳು ಹಿಮದಲ್ಲಿ ಗಾಡಿ ಏರಿ ದಾವೋಸ್‌ಗೆ ಬಂದರು. ಚಳಿಗಾಲದಲ್ಲಿ ರೋಗಿಗಳು ಬೆಟ್ಟಕ್ಕೆ ಬರುವುದೇ? ಸಾಯಲು ಬಂದರೆಂದೇ ಜನ ತಿಳಿದಿದ್ದರು. ಆದರೆ ಅವರು ಚೇತರಿಸಿಕೊಂಡರು. ಸುದ್ದಿ ಹಬ್ಬಿತು.

ಎರಡು ವರ್ಷದ ನಂತರ, 1867ರಲ್ಲಿ, ವಿಲ್ಲೆಮ್ ಯಾನ್ ಹೋಲ್ಸ್‌ಬೂರ್ ಎಂಬ ಡಚ್ಚರವನು ತನ್ನ ಕ್ಷಯ ಪೀಡಿತ ಹೆಂಡತಿಯನ್ನು ಕರೆದುಕೊಂಡು ಬಂದ. ಹಡಗಿನಲ್ಲಿ ದುಡಿದು, ಆಮೇಲೆ ಲಂಡನ್ನಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದ ಮನುಷ್ಯ. ಹೆಂಡತಿ ಬದುಕಲಿಲ್ಲ. ಅವನು ಮಾತ್ರ ಊರು ಬಿಟ್ಟು ಹೋಗಲಿಲ್ಲ. ಸ್ಪೆಂಗ್ಲರನ ಜೊತೆ ಸೇರಿ ಚಿಕಿತ್ಸಾಲಯ ಕಟ್ಟಿದ. ಉಸಿರಾಡಲು ಕಷ್ಟಪಡುವ ರೋಗಿಗಳು ಕುಲುಕುವ ಗಾಡಿಯಲ್ಲಿ ಗಂಟೆಗಟ್ಟಲೆ ಪಡುವ ಪಾಡು ನೋಡಿ, ಇಲ್ಲಿಗೆ ರೈಲು ಬರಲೇಬೇಕು ಎಂದು ನಿಶ್ಚಯಿಸಿದ. "ಟ್ರೆಷರ್ ಐಲ್ಯಾಂಡ್" ಬರೆದ ರಾಬರ್ಟ್ ಲೂಯಿ ಸ್ಟೀವನ್‌ಸನ್ 1880ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ದಾವೋಸ್‌ಗೆ ಬಂದಾಗಲೂ ರೈಲು ಇರಲಿಲ್ಲ. ಕೊನೆಗೆ 1890ರಲ್ಲಿ ಲಾಂಡ್‌ಕ್ವಾರ್ಟ್ ಎಂಬಲ್ಲಿಂದ ಹೊರಟ ಮೀಟರ್ ಗೇಜಿನ ಪುಟ್ಟ ರೈಲು ದಾವೋಸ್ ಮುಟ್ಟಿತು. ಮುಂದೆ ರೇಷಿಯನ್ ರೈಲ್ವೆ ಎಂದು ಹೆಸರಾದ ಜಾಲದ ಮೊದಲ ಕೊಂಡಿ ಅದು.

ಅತ್ತ ದಕ್ಷಿಣದ ಎಂಗಡೀನ್ ಕಣಿವೆಯಲ್ಲಿ ಸೇಂಟ್ ಮೋರಿಟ್ಸ್ ಇತ್ತು. ಖನಿಜ ನೀರಿನ ಬುಗ್ಗೆಗೆ ಹೆಸರಾದ ಊರು. ಯೋಹಾನೆಸ್ ಬದ್ರುಟ್ ಎಂಬ ಹೋಟೆಲ್ ಮಾಲೀಕ 1864ರಲ್ಲಿ ತನ್ನ ಇಂಗ್ಲಿಷ್ ಅತಿಥಿಗಳೊಡನೆ ಪಂಥ ಕಟ್ಟಿದನೆಂದು ಅಲ್ಲಿನವರು ಕತೆ ಹೇಳುತ್ತಾರೆ: "ಚಳಿಗಾಲದಲ್ಲೂ ಬಂದು ನೋಡಿ. ಇಷ್ಟವಾಗದಿದ್ದರೆ ಪ್ರಯಾಣದ ಖರ್ಚು ನನ್ನದು." ಬಂದವರು ಈಸ್ಟರ್ ಹಬ್ಬದ ತನಕ ಉಳಿದರಂತೆ! ಕತೆಯಲ್ಲಿ ಎಷ್ಟು ಉಪ್ಪು, ಎಷ್ಟು ಖಾರ ಎನ್ನುವುದು ಬೇರೆ ಮಾತು. ಚಳಿಗಾಲದ ಪ್ರವಾಸ ಎಂಬ ಹೊಸ ವ್ಯಾಪಾರ ಮಾತ್ರ ಅಲ್ಲಿ ಬೇರೂರಿತು.

ಬೆಟ್ಟದೊಳಗೆ ಸುತ್ತುವ ರೈಲು

ಆದರೆ ಸೇಂಟ್ ಮೋರಿಟ್ಸ್ ತಲುಪುವುದು ಹೇಗೆ? ಕ್ಯಾಂಟನ್ನಿನ ರಾಜಧಾನಿ ಕೂರ್ ಪಟ್ಟಣಕ್ಕೆ 1858ರಲ್ಲೇ ರೈಲು ಬಂದಿತ್ತು. ಅಲ್ಲಿಂದ ಮುಂದೆ ಅಂಚೆ ಇಲಾಖೆಯ ಕುದುರೆ ಗಾಡಿ. ಬೆಳಿಗ್ಗೆ ಹತ್ತಿದರೆ ಇಳಿಯುವಾಗ ರಾತ್ರಿ. ದಾರಿಯುದ್ದಕ್ಕೂ ಕುದುರೆ ಬದಲಿಸುವ ತಂಗುದಾಣಗಳು. ಅಲ್ಲೊಂದು ಲಾಯ, ಇಲ್ಲೊಂದು ಊಟದ ಮನೆ, ಲಾಳ ಹೊಡೆಯುವವನು, ಹುಲ್ಲು ಮಾರುವವನು. ಗಾಡಿಯ ಚಕ್ರ ತಿರುಗಿದಂತೆ ಇವರೆಲ್ಲರ ಸಂಸಾರವೂ ತಿರುಗುತ್ತಿತ್ತು.

ಆಲ್ಬುಲಾ ಬೆಟ್ಟದ ಮೂಲಕ ರೈಲು ಹಾಕುವ ಕೆಲಸ 1898ರ ಸುಮಾರಿಗೆ ಶುರುವಾಯಿತು. ಮೇಲ್ವಿಚಾರಣೆ ಫ್ರೀಡ್ರಿಖ್ ಹೆನ್ನಿಂಗ್ಸ್ ಎಂಬ ಇಂಜಿನಿಯರನದು. ಇಲ್ಲಿನ ಕಷ್ಟ ಏನು ಗೊತ್ತೇ? ಬೆರ್ಗ್ಯುನ್ ಎಂಬ ಊರಿಂದ ಪ್ರೇಡಾ ಎಂಬ ಊರಿಗೆ ನೆಟ್ಟಗೆ ಅಳೆದರೆ ಆರೂವರೆ ಕಿಲೋಮೀಟರ್. ಅಷ್ಟರಲ್ಲಿ 400 ಮೀಟರಿಗೂ ಹೆಚ್ಚು ಏರಬೇಕು. ರೈಲು ಮೇಕೆಯಲ್ಲವಲ್ಲ! ಹಾಗಾಗಿ ಹಳಿಯನ್ನು ಸುಮಾರು 12 ಕಿಲೋಮೀಟರಿಗೆ ಹಿಗ್ಗಿಸಿದರು. ಬೆಟ್ಟದ ಹೊಟ್ಟೆಯೊಳಗೆ ಸುರುಳಿ ಸುರಂಗ ತೋಡಿದರು. ರೈಲು ಒಂದು ಕಡೆ ಒಳಹೊಕ್ಕು, ಒಳಗೇ ಸುತ್ತು ಹಾಕಿ, ಮೇಲೆ ಇನ್ನೊಂದು ಕಡೆ ಹೊರಬರುತ್ತದೆ. ಕಿಟಕಿಯಲ್ಲಿ ಕೂತವರಿಗೆ ಅದೇ ಚರ್ಚಿನ ಗೋಪುರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣುತ್ತದೆ.

ಲಾಂಡ್‌ವಾಸರ್ ಸೇತುವೆಯ ಚಿತ್ರವನ್ನು ನೀವು ಕ್ಯಾಲೆಂಡರಿನಲ್ಲಿ ನೋಡಿರಬಹುದು. 65 ಮೀಟರ್ ಎತ್ತರ, ಆರು ಕಮಾನು, 136 ಮೀಟರ್ ಉದ್ದ. ಬಾಗಿದ ಸೇತುವೆಯ ತುದಿಯಲ್ಲಿ ನೆಟ್ಟಗಿನ ಬಂಡೆ, ಆ ಬಂಡೆಗೇ ಸುರಂಗ. ಸೇತುವೆ ಮುಗಿಯುವ ಮೊದಲೇ ಎಂಜಿನ್ ಕತ್ತಲೆಯೊಳಗೆ!

ಇದನ್ನೆಲ್ಲ ಕಟ್ಟಿದ ಕೈಗಳು ಹೆಚ್ಚಾಗಿ ಇಟಲಿಯಿಂದ ಬಂದ ಕೂಲಿಕಾರರವು. ಕೊನೆಯ 5,865 ಮೀಟರ್ ಉದ್ದದ ಆಲ್ಬುಲಾ ಸುರಂಗ ಅವರನ್ನು ಅರೆದು ಹಾಕಿತು. ಒಂದು ಜಾಗದಲ್ಲಿ ಕಲ್ಲು ಕಲ್ಲಾಗಿರದೆ ನೀರಿನಲ್ಲಿ ಕರಗಿದ ಸಕ್ಕರೆಯಂತೆ ಕುಸಿಯತೊಡಗಿತು. ತಣ್ಣನೆಯ ನೀರು ನುಗ್ಗಿ ಬಂತು. ಗುತ್ತಿಗೆದಾರರು ಕೈಚೆಲ್ಲಿ ಕೂತರು. ರೈಲ್ವೆಯವರೇ ಕೆಲಸ ವಹಿಸಿಕೊಂಡರು. 1902ರ ಮೇ ತಿಂಗಳಲ್ಲಿ ಎರಡು ಕಡೆಯಿಂದ ಕೊರೆದು ಬಂದವರು ಬೆಟ್ಟದ ನಡುವೆ ಸಂಧಿಸಿದರು. ಸತ್ತವರೂ ಇದ್ದರು. ಮುಂಬೈ, ದೆಹಲಿಗಳ ಮೆಟ್ರೋ ಸುರಂಗದಲ್ಲಿ ಯಾರ ಊರಿನ ಮಕ್ಕಳು ಬೆವರು ಹರಿಸಿದರು ಎಂದು ಬಲ್ಲ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

1903ರ ಜುಲೈ 1ರಂದು ದಾರಿ ತೆರೆಯಿತು. ಮರುವರ್ಷ ರೈಲು ಸೇಂಟ್ ಮೋರಿಟ್ಸ್ ಪಟ್ಟಣಕ್ಕೇ ಬಂತು. ಹೋಲ್ಸ್‌ಬೂರ್ ಇದನ್ನು ನೋಡಲಿಲ್ಲ, 1898ರಲ್ಲೇ ತೀರಿಕೊಂಡಿದ್ದ. 1910ರಲ್ಲಿ ಬೆರ್ನಿನಾ ದಾರಿಯೂ ಸೇರಿಕೊಂಡಿತು. ಅದು 2,253 ಮೀಟರ್ ಎತ್ತರಕ್ಕೆ ಏರಿ, ಇಟಲಿಯ ತಿರಾನೋ ಪಟ್ಟಣದಲ್ಲಿ 429 ಮೀಟರಿಗೆ ಇಳಿಯುತ್ತದೆ. ಈ ರೈಲಿಗೆ ಕ್ಯಾಂಟನ್ ತನ್ನ ಬೊಕ್ಕಸದಿಂದ ದೊಡ್ಡ ಹಣ ಹಾಕಿತ್ತು ಎಂಬುದನ್ನೂ ನೆನಪಿಡಿ. ಈಗ ಕಾರಿನ ಸರದಿ.

"ನಿಮ್ಮ ಎಂಜಿನ್ ಆರಿಸಿ, ಕುದುರೆ ಕಟ್ಟಿ"

1900ರ ಆಗಸ್ಟ್ 17ರಂದು ಗ್ರೌಬ್ಯುಂಡೆನ್ ಸರ್ಕಾರ ಒಂದು ಆದೇಶ ಹೊರಡಿಸಿತು. ಕ್ಯಾಂಟನ್ನಿನ ಯಾವ ರಸ್ತೆಯಲ್ಲೂ ಮೋಟಾರು ಕಾರು ಓಡಕೂಡದು!

ಹೊರಗಿನವರು ನಕ್ಕರು. ಆದರೆ ಸ್ವಲ್ಪ ಆ ರಸ್ತೆಯ ಅಂಚಿನಲ್ಲಿ ನಿಂತು ನೋಡಿ. ಒಂದು ಗಾಡಿ ಹೋಗುವಷ್ಟೇ ಅಗಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಎಂಟು ಹತ್ತು ಜನ ಕೂತ ಅಂಚೆ ಗಾಡಿ ಬರುತ್ತಿದೆ. ತಿರುವಿನಲ್ಲಿ ಢಬಢಬ ಸದ್ದು ಮಾಡುತ್ತ, ಹೊಗೆ ಉಗುಳುತ್ತ ಒಂದು ಯಂತ್ರ ಎದುರಾಗುತ್ತದೆ. ಕುದುರೆ ಬೆದರಿದರೆ ಗಾಡಿ ಎಲ್ಲಿಗೆ ಹೋಗುತ್ತದೆ ಹೇಳಿ! ದನಗಳನ್ನು ಬೇಸಿಗೆಯ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವುದೂ ಇದೇ ರಸ್ತೆಯಲ್ಲಿ. ಡಾಂಬರು ಇಲ್ಲದ ಮಣ್ಣು ರಸ್ತೆ, ಕಾರು ಹೋದರೆ ಧೂಳೋ ಧೂಳು. ಶುದ್ಧ ಗಾಳಿಯನ್ನೇ ನಂಬಿ ಬಂದ ರೋಗಿಗಳಿರುವ ಊರಿನಲ್ಲಿ ಧೂಳೆಂದರೆ ವ್ಯಾಪಾರಕ್ಕೂ ಪೆಟ್ಟು. ರಸ್ತೆ ಕೆಟ್ಟರೆ ರಿಪೇರಿ ಮಾಡಿಸುವ ಖರ್ಚು ಊರಿನವರದು, ಮಜಾ ಮಾತ್ರ ಹೊರಗಿನ ಸಿರಿವಂತರದು.

ಅದರ ಮೇಲೆ ಗಾಡಿಯವರ ಹೊಟ್ಟೆಪಾಡು, ಲಾಯದವರ ಹೊಟ್ಟೆಪಾಡು. ಸಾಲ ಮಾಡಿ ಕಟ್ಟಿದ ರೈಲಿಗೆ ಕಾರು ಪೈಪೋಟಿ ಕೊಟ್ಟೀತು ಎಂಬ ಅಂಜಿಕೆ ಬೇರೆ. 1882ರ ನೆನಪು ಹಸಿಯಾಗಿಯೇ ಇತ್ತು.

ಹಾಗಾದರೆ ಕಾರಿನಲ್ಲಿ ಬಂದವರ ಗತಿ? ಗಡಿಯಲ್ಲಿ ಎಂಜಿನ್ ಆರಿಸಬೇಕು. ಬಾಡಿಗೆಗೆ ಕುದುರೆಯನ್ನೋ ಎತ್ತನ್ನೋ ಹಿಡಿದು, ಕಾರಿನ ಮುಂದೆ ಕಟ್ಟಿ, ಎಳೆಸಿಕೊಂಡು ಹೋಗಬೇಕು. ಲಕ್ಷಾಧಿಪತಿ ತನ್ನ ಹೊಚ್ಚ ಹೊಸ ಕಾರಿನಲ್ಲಿ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂತಿದ್ದಾನೆ, ಮುಂದೆ ಎತ್ತು ಬಾಲ ಬೀಸುತ್ತ ನಡೆಯುತ್ತಿದೆ. ಎಂಥ ದೃಶ್ಯ ಅಲ್ಲವೇ? ಎತ್ತಿನವನಿಗೆ ಬಾಡಿಗೆಯೂ ಸಿಕ್ಕಿತು.

ಇಲ್ಲಿ ಒಂದು ಮುಖ್ಯ ವಿಷಯ. ಸ್ವಿಟ್ಜರ್‌ಲೆಂಡಿನಲ್ಲಿ ಇಂಥ ವಿಷಯಗಳನ್ನು ಜನರೇ ಮತ ಹಾಕಿ ತೀರ್ಮಾನಿಸುವ ಪದ್ಧತಿ. 1907ರಿಂದ 1925ರೊಳಗೆ ಕಾರಿನ ಪ್ರಶ್ನೆಯೊಂದರ ಮೇಲೇ ಗ್ರೌಬ್ಯುಂಡೆನ್ನಿನಲ್ಲಿ ಹತ್ತು ಸಲ ಮತದಾನ ನಡೆಯಿತು. ಹತ್ತು ಸಲ! ಮೋಟಾರು ಸಂಘಗಳು ಒತ್ತಡ ತಂದವು. ಹೋಟೆಲಿನವರಲ್ಲೇ ಒಡಕು ಹುಟ್ಟಿತು. ಕಾರಿದ್ದ ಅತಿಥಿಗಳು ಪಕ್ಕದ ಸೀಮೆಗೆ ಹೋಗುತ್ತಾರಲ್ಲ ಎಂಬ ಸಂಕಟ ಅವರಿಗೆ. ಆದರೂ ಹಳ್ಳಿಯ ಮತ ಸುಲಭಕ್ಕೆ ಅಲುಗಲಿಲ್ಲ.

ಜನರೇ ತೀರ್ಮಾನಿಸಿದರು ಅಂದೆನಲ್ಲ, ಆ ಮಾತಿಗೆ ಒಂದು ತಿದ್ದುಪಡಿ ಬೇಕು. ಮತ ಹಾಕಿದವರು ಗಂಡಸರು ಮಾತ್ರ. ಗ್ರೌಬ್ಯುಂಡೆನ್ನಿನ ಹೆಂಗಸರಿಗೆ ಕ್ಯಾಂಟನ್ ಮಟ್ಟದ ಮತದ ಹಕ್ಕು ಸಿಕ್ಕಿದ್ದು 1972ರಲ್ಲಿ. ಹೌದು, 1972! ನಮ್ಮಲ್ಲಿ ಮಹಿಳೆಯರು ಮೊದಲ ಮಹಾಚುನಾವಣೆಯಲ್ಲೇ ಮತ ಹಾಕಿ ಇಪ್ಪತ್ತು ವರ್ಷ ಆಗಿತ್ತು. ಮನೆಯಂಗಳದ ಧೂಳು ಗುಡಿಸಿದವರ, ಹೋಟೆಲಿನ ಹಾಸಿಗೆ ಹಾಸಿದವರ, ರಸ್ತೆಯಲ್ಲಿ ಆಡುವ ಮಗುವಿನ ಮೇಲೆ ಕಣ್ಣಿಟ್ಟವರ ಅಭಿಪ್ರಾಯ ಆ ಹತ್ತು ಮತದಾನಗಳಲ್ಲಿ ಒಂದರಲ್ಲೂ ಎಣಿಕೆಗೆ ಬರಲಿಲ್ಲ.

ಹಳದಿ ಬಸ್ಸಿನ ಪೀಪಿ

ಕಾರಿಗೂ ರೈಲಿಗೂ ನಡುವೆ ರಾಜಿ ಮಾಡಿಸಿದ್ದು ಬಸ್ಸು. ಸ್ವಿಸ್ ಅಂಚೆ ಇಲಾಖೆ ಕುದುರೆ ಗಾಡಿಗಳ ಜಾಗದಲ್ಲಿ ಮೋಟಾರು ಬಸ್ಸು ತರಲು ಶುರುಮಾಡಿದ್ದು 1906ರಲ್ಲಿ, ರಾಜಧಾನಿ ಬೆರ್ನ್ ಬಳಿ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಗ್ರೌಬ್ಯುಂಡೆನ್ನಿನ ರೈಖೆನಾವ್‌ನಿಂದ ಫ್ಲಿಮ್ಸ್‌ಗೆ ಅಂಚೆ ಬಸ್ಸು ಓಡಿತು. ಕಾರಿಗೆ ಇನ್ನೂ ನಿಷೇಧ, ಬಸ್ಸಿಗೆ ಅನುಮತಿ! ಬಸ್ಸು ಎಲ್ಲರದೂ ಆಗಿತ್ತು. ಕಾಗದ ತರುತ್ತಿತ್ತು, ಹಳ್ಳಿಯ ಅಜ್ಜಿಯನ್ನು ಪೇಟೆಗೆ ಒಯ್ಯುತ್ತಿತ್ತು, ಹೇಳಿದ ಹೊತ್ತಿಗೆ ಬರುತ್ತಿತ್ತು. ಮೋಟಾರು ಎಂದರೆ ರಾಕ್ಷಸನೇನಲ್ಲ ಎಂದು ಜನರಿಗೆ, ಅಷ್ಟೇಕೆ, ಕುದುರೆಗಳಿಗೂ ಅಭ್ಯಾಸವಾಯಿತು.

ರೇಡಿಯೋದವಳಾದ ನನಗೆ ಈ ಬಸ್ಸಿನಲ್ಲಿ ಬಹಳ ಇಷ್ಟವಾದದ್ದು ಅದರ ಹಾರ್ನ್. ಕುರುಡು ತಿರುವಿನಲ್ಲಿ ಬಸ್ಸು ಮೂರು ಸ್ವರದ ಪೀಪಿ ಊದುತ್ತದೆ. ಆ ಮೂರು ಸ್ವರ ಬಂದದ್ದು ಇಟಲಿಯ ಸಂಗೀತಗಾರ ರೊಸ್ಸಿನಿಯ "ವಿಲಿಯಂ ಟೆಲ್" ಎಂಬ ಗೀತನಾಟಕದಿಂದ. ವಿಲಿಯಂ ಟೆಲ್ ಸ್ವಿಸ್ಸರ ಜಾನಪದ ವೀರ. ನಮಗೆ ಆಕಾಶವಾಣಿಯ ಬೆಳಗಿನ ರಾಗ ಹೇಗೋ ಅವರಿಗೆ ಇದು ಹಾಗೆ. ಬೆಟ್ಟದ ಅಂಚೆ ರಸ್ತೆಗಳಲ್ಲಿ ಇಂದಿಗೂ ಒಂದು ನಿಯಮವಿದೆ. ಇಕ್ಕಟ್ಟಿನ ಜಾಗದಲ್ಲಿ ಎದುರು ಬದುರಾದರೆ ಅಂಚೆ ಬಸ್ಸಿನ ಚಾಲಕ ಹೇಳಿದಂತೆ ಉಳಿದವರು ಕೇಳಬೇಕು. ಎಷ್ಟು ದುಬಾರಿ ಕಾರಿದ್ದರೂ ಸರಿ, ಹಿಂದೆ ಸರಿ ಎಂದರೆ ಸರಿಯಬೇಕು!

ಅಂದಹಾಗೆ ಸ್ವಿಟ್ಜರ್‌ಲೆಂಡಿನ ಕೊನೆಯ ಕುದುರೆ ಅಂಚೆ ಗಾಡಿ ನಿಂತದ್ದೂ ಇದೇ ಗ್ರೌಬ್ಯುಂಡೆನ್ನಿನ ಆವೆರ್ಸ್ ಎಂಬ ಎತ್ತರದ ಕಣಿವೆಯಲ್ಲಿ, 1961ರಲ್ಲಿ. ಮನುಷ್ಯ ಬಾಹ್ಯಾಕಾಶಕ್ಕೆ ಹೋದ ವರ್ಷ ಅದು.

ಕೊನೆಗೆ ಬಾಗಿಲು ತೆರೆಯಿತು

1925ರ ಜೂನ್ 21. ಹತ್ತನೆಯ ಮತದಾನ. ಅಲ್ಪ ಬಹುಮತದಿಂದ ಕಾರು ಗೆದ್ದಿತು. ಮೂರೇ ವರ್ಷದಲ್ಲಿ, 1928ರಲ್ಲಿ, ಸೇಂಟ್ ಮೋರಿಟ್ಸ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆಯಿತು. ಕ್ಷಯಕ್ಕೆ ಔಷಧ ಬಂದ ಮೇಲೆ ದಾವೋಸ್‌ನ ಆಸ್ಪತ್ರೆಗಳು ಒಂದೊಂದಾಗಿ ಹೋಟೆಲುಗಳಾದವು. 1967ರಲ್ಲಿ ಸಾನ್ ಬೆರ್ನಾರ್ದಿನೋ ರಸ್ತೆ ಸುರಂಗ ತೆರೆದು ಕಾರು, ಲಾರಿಗಳಿಗೆ ವರ್ಷವಿಡೀ ದಾರಿ ಆಯಿತು.

ಹಾಗಾದರೆ ಆ ಇಪ್ಪತ್ತೈದು ವರ್ಷದ ಹಟ ವ್ಯರ್ಥವೇ? ನನಗೆ ಹಾಗನಿಸುವುದಿಲ್ಲ. ಆ ಅವಧಿಯಲ್ಲಿ ರೈಲಿಗೆ ನೆಲೆಯೂರಲು ಸಮಯ ಸಿಕ್ಕಿತು. ಯುದ್ಧಕಾಲದಲ್ಲಿ ಕಲ್ಲಿದ್ದಲಿಗೆ ಬರ ಬಂದಾಗ ಬೆಟ್ಟದ ನೀರಿನಿಂದಲೇ ವಿದ್ಯುತ್ ತೆಗೆದು, 1922ರ ಹೊತ್ತಿಗೆ ರೇಷಿಯನ್ ರೈಲ್ವೆಯ ಇಡೀ ಜಾಲವನ್ನು ವಿದ್ಯುತ್ತಿಗೆ ತಂದಿದ್ದರು. ಕಾರು ಬಂದಾಗ ಎದುರಿಗೆ ಇದ್ದದ್ದು ಮುದಿ ಉಗಿಬಂಡಿಯಲ್ಲ, ಗಟ್ಟಿಮುಟ್ಟಾದ ವಿದ್ಯುತ್ ರೈಲು. ಕಾರು ಬಂದ ಮೇಲೆ ರೈಲನ್ನು ಕಿತ್ತೆಸೆದ ಊರುಗಳು ಯುರೋಪಿನಲ್ಲಿ ಎಷ್ಟೋ ಇವೆ. ಇಲ್ಲಿ ಇಂದಿಗೂ ಕೂರ್‌ನಿಂದ ಸೇಂಟ್ ಮೋರಿಟ್ಸ್‌ಗೆ ಸುಮಾರು ಎರಡು ಗಂಟೆಯಲ್ಲಿ ರೈಲು ಹೋಗುತ್ತದೆ. ರೈಲು ಮುಟ್ಟದ ಹಳ್ಳಿಗೆ ಹಳದಿ ಬಸ್ಸು ಕಾದಿರುತ್ತದೆ.

ಇನ್ನೊಂದು ತಮಾಷೆ ಕೇಳಿ. 1999ರಲ್ಲಿ ವೆರೈನಾ ಎಂಬ 19 ಕಿಲೋಮೀಟರ್ ಉದ್ದದ ಹೊಸ ಸುರಂಗ ತೆರೆಯಿತು. ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿಹೋಗುತ್ತಿದ್ದ ಫ್ಲ್ಯುಯೆಲಾ ಕಣಿವೆದಾರಿಗೆ ಬದಲಿ ದಾರಿ ಅದು. ರಸ್ತೆ ಸುರಂಗವೇ? ಅಲ್ಲ, ರೈಲು ಸುರಂಗ! ಕಾರನ್ನು ರೈಲಿನ ಮೇಲೆ ಹತ್ತಿಸಿ, ನೀವು ಕಾರಿನೊಳಗೇ ಕೂತಿರಿ, ಸುಮಾರು ಇಪ್ಪತ್ತು ನಿಮಿಷದಲ್ಲಿ ಆಚೆ ಬದಿ. ಎಂಜಿನ್ ಆರಿಸಿ ಎತ್ತಿನ ಹಿಂದೆ ಹೋಗುತ್ತಿದ್ದ ಕಾರು ಈಗ ಎಂಜಿನ್ ಆರಿಸಿ ರೈಲಿನ ಬೆನ್ನೇರಿ ಹೋಗುತ್ತಿದೆ. ಹಳೆಯ ಆಲ್ಬುಲಾ ಸುರಂಗದ ಪಕ್ಕದಲ್ಲಿ ಹೊಸ ಸುರಂಗ ಕೊರೆದು 2024ರ ಜೂನ್‌ನಲ್ಲಿ ರೈಲು ಬಿಟ್ಟಿದ್ದಾರೆ.

ನಮ್ಮ ಬೆಟ್ಟಗಳ ಮಾತು

ಚೆನ್ನೈಯ ಕೇಳುಗರೇ, ನೀವು ಊಟಿಗೆ ನೀಲಗಿರಿಯ ಪುಟ್ಟ ರೈಲಿನಲ್ಲಿ ಹೋಗಿರುತ್ತೀರಿ. ಆ ರೈಲಿಗೂ ಸ್ವಿಸ್ಸರಿಗೂ ನಂಟಿದೆ. ಸ್ವಿಸ್ ಇಂಜಿನಿಯರ್ ನಿಕ್ಲಾಸ್ ರಿಗ್ಗೆನ್‌ಬಾಖ್ 1882ರಲ್ಲಿ ಊಟಿಗೆ ಬಂದು ಬೆಟ್ಟ ರೈಲಿನ ಸಾಧ್ಯತೆ ನೋಡಿಹೋಗಿದ್ದ. ಮುಂದೆ ಆ ದಾರಿಗೆ ಬಳಸಿದ ಹಲ್ಲುಪಟ್ಟಿ ರೋಮನ್ ಆಬ್ಟ್ ಎಂಬ ಇನ್ನೊಬ್ಬ ಸ್ವಿಸ್ ಇಂಜಿನಿಯರನ ಕಾಣಿಕೆ. ಅಲ್ಲಿನ ಹೆಸರುವಾಸಿ ಉಗಿಬಂಡಿಗಳು ತಯಾರಾದದ್ದು ಸ್ವಿಟ್ಜರ್‌ಲೆಂಡಿನ ವಿಂಟರ್‌ಥೂರ್ ಪಟ್ಟಣದಲ್ಲಿ. ದೆಹಲಿಯ ಕೇಳುಗರಿಗೂ ಒಂದು ಸುದ್ದಿ. ನಿಮ್ಮ ಕಾಲ್ಕಾ–ಶಿಮ್ಲಾ ರೈಲು ಮತ್ತು ಈ ಆಲ್ಬುಲಾ–ಬೆರ್ನಿನಾ ರೈಲು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು ಒಂದೇ ವರ್ಷ, 2008ರಲ್ಲಿ.

ರೈಲಿನ ನಂಟು ಹೀಗಾದರೆ ಕಾರಿನ ಜಗಳವೂ ನಮ್ಮ ಮನೆಯಂಗಳಕ್ಕೆ ಬಂದಿದೆ. ಮುಂಬೈ, ಪುಣೆಯವರಿಗೆ ಹತ್ತಿರದ ಮಾಥೇರಾನ್‌ನಲ್ಲಿ ಇಂದಿಗೂ ಪ್ರವಾಸಿಗರ ಕಾರನ್ನು ಊರ ಹೊರಗೇ ಬಿಡಬೇಕು. ಅಲ್ಲಿ ಇ-ರಿಕ್ಷಾ ಬೇಕೇ ಬೇಡವೇ, ಕುದುರೆಯವರ ಮತ್ತು ಕೈಯಿಂದ ರಿಕ್ಷಾ ಎಳೆಯುವವರ ಬದುಕು ಏನಾಗಬೇಕು ಎಂಬ ತಕರಾರು ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಊಟಿ, ಕೊಡೈಕನಾಲ್‌ಗಳಿಗೆ ಬರುವ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಬಂತು.

ಗ್ರೌಬ್ಯುಂಡೆನ್ನಿನ ಕಾರು ನಿಷೇಧ ಸರಿಯೇ ತಪ್ಪೇ ಎಂದು ನಾನು ತೀರ್ಪು ಕೊಡಲು ಹೊರಟಿಲ್ಲ. ಅದರಲ್ಲಿ ಸ್ವಾರ್ಥವೂ ಇತ್ತು, ಭಯವೂ ಇತ್ತು, ಅರ್ಧ ಜನರ ದನಿ ಅಡಗಿಯೇ ಇತ್ತು. ಆದರೆ ನಮ್ಮೂರಿಗೆ ಅತಿಥಿ ಹೇಗೆ ಬರಬೇಕು ಎಂದು ಕೇಳುವ ಹಕ್ಕು ನಮಗಿದೆ ಎಂದು ಆ ಬಡ ಬೆಟ್ಟದವರು ತಿಳಿದಿದ್ದರು. ಹತ್ತು ಸಲ ವಾದ ಮಾಡಿದರು, ಹತ್ತು ಸಲ ಎಣಿಸಿದರು, ಮನಸ್ಸು ಬದಲಾದಾಗ ಬದಲಾಯಿಸಿಕೊಂಡರು. ನಮ್ಮಲ್ಲಿ ಬೆಟ್ಟದ ದಾರಿಯ ತೀರ್ಮಾನ ಕೋರ್ಟಿನಲ್ಲೋ ಕಚೇರಿಯಲ್ಲೋ ಆಗುತ್ತದೆ. ದಾರಿಯಂಚಿನಲ್ಲಿ ಜೋಳ ಸುಟ್ಟು ಮಾರುವವಳನ್ನು, ಕುದುರೆ ಹಿಡಿದು ನಿಂತ ಹುಡುಗನನ್ನು ಯಾರಾದರೂ ಕೇಳುತ್ತಾರೆಯೇ?

ಬೇಸಿಗೆ ರಜೆಗೆ ನೀವು ಯಾವ ಬೆಟ್ಟಕ್ಕೆ ಹೊರಟಿದ್ದೀರಿ? ಅಲ್ಲಿ ರೈಲೋ ಬಸ್ಸೋ ಇದ್ದರೆ ಒಮ್ಮೆ ಅದನ್ನೇ ಹತ್ತಿ ನೋಡಿ. ಪಕ್ಕದಲ್ಲಿ ಕೂತ ಆ ಊರಿನವರನ್ನು ಮಾತಾಡಿಸಿ. ಕಾರುಗಳ ಬಗ್ಗೆ ಅವರು ಏನೆನ್ನುತ್ತಾರೆ ಎಂದು ಎರಡು ಸಾಲು ಬರೆದು ನಮ್ಮ ಕನ್ನಡ ವಿಭಾಗಕ್ಕೆ ಕಳಿಸಿ. ಚೆನ್ನಾಗಿರುವ ಪತ್ರಗಳನ್ನು ಕಾರ್ಯಕ್ರಮದಲ್ಲಿ ಓದುತ್ತೇನೆ, ನಿಮ್ಮ ಮೆಚ್ಚಿನ ಹಾಡಿನ ಜೊತೆಗೆ.

ಮತ್ತೆ ಸಿಗೋಣ, ನಮಸ್ಕಾರ.

— ನಿಮ್ಮ ಕನ್ನಡ ಕಾರ್ಯಕ್ರಮದ ಉದ್ಘೋಷಕಿ